ಚೀನಾದ ಗಿಡಮೂಲಿಕೆಯಿಂದ ಡಿಪ್ರೆಶನ್‌ಗೆ ಔಷಧಿ: ಟೆಸ್ಟ್ ಆಗಿದೆ ಅಂತಾರೆ, ಯಾರ ಮೇಲೆ?

ಹೊಸಿಲು:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಡಿಪ್ರೆಶನ್‌ಗೆ ಎಸಿಟಾಲೋಪ್ರಾಮ್ ತೆಗೆದುಕೊಳ್ಳುತ್ತಿದ್ದಾನೆ. ಮೊದಲಿಗಿಂತ ಎಷ್ಟೋ ವಾಸಿ. ಊಟ, ನಿದ್ದೆ ಸರಿಹೋಗಿದೆ, ಕೆಲಸಕ್ಕೂ ಹೋಗುತ್ತಿದ್ದಾನೆ. ಆದರೆ ಈಗ ಮಾತ್ರೆ ಬಿಡಬೇಕು ಅನ್ನುವ ಹಟ ಶುರುವಾಗಿದೆ. ಎಲ್ಲೋ ಓದಿಕೊಂಡು ಬಂದು 'ಶಿಯಾವ್ಯಾವ್ ವಾನ್' ಅನ್ನುವ ಚೀನಾದ ಗುಳಿಗೆ ತರಿಸುತ್ತೇನೆ ಅನ್ನುತ್ತಾನೆ. "ನೂರಾರು ವರ್ಷದಿಂದ ಬಳಸಿದ್ದಾರೆ, ಲ್ಯಾಬ್‌ನಲ್ಲೂ ಟೆಸ್ಟ್ ಆಗಿದೆ" ಅಂತ ನನಗೇ ಪಾಠ.

ನನಗೆ ಬೇಕಿರುವುದು ಎರಡೇ ಉತ್ತರ. ಟೆಸ್ಟ್ ಆಗಿದೆ ಅಂದರೆ ಎಂಥ ಟೆಸ್ಟ್, ಯಾರ ಮೇಲೆ? ಈಗಿನ ಮಾತ್ರೆ ಜೊತೆಗೆ ಅದನ್ನೂ ನುಂಗಿದರೆ ಏನಾಗುತ್ತದೆ? "ಮೂಲಿಕೆ ಎಲ್ಲಾ ಬೂಟಾಟಿಕೆ" ಅನ್ನುವ ಉತ್ತರ ದಯವಿಟ್ಟು ಬೇಡ. ಅದನ್ನು ಹೇಳಿದರೆ ಅವನು ಇವತ್ತೇ ಆರ್ಡರ್ ಮಾಡುತ್ತಾನೆ.

ಹಳೇ ಕಾಂಪೌಂಡರ್:

ಅಕ್ಕ, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಸಿಟಾಲೋಪ್ರಾಮ್ ದಿಢೀರ್ ಅಂತ ನಿಲ್ಲಿಸುವುದು ಬೇಡ. ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ ಅನ್ನುವುದು, ಸಿಡಿಮಿಡಿ, ಇವೆಲ್ಲ ಬರಬಹುದು. ಆಗ ಕಾಯಿಲೆ ವಾಪಸ್ ಬಂತು ಅಂತ ಹೆದರಿಕೆ, ಇಲ್ಲವೇ ಮಾತ್ರೆಗೆ ಚಟ ಹತ್ತಿದೆ ಅಂತ ಸಿಟ್ಟು. ಬಿಡುವ ಸಮಯ ಬಂದಾಗ ಬರೆದುಕೊಟ್ಟ ಡಾಕ್ಟರೇ ಡೋಸ್ ಸ್ವಲ್ಪ ಸ್ವಲ್ಪ ಇಳಿಸಿ ಬಿಡಿಸುತ್ತಾರೆ. ಗುಳಿಗೆ ವಿಚಾರ ಆಮೇಲೆ ಬರೆಯುತ್ತೇನೆ. ಅಂಗಡಿಯಲ್ಲಿ ಜನ ಇದ್ದಾರೆ.

ಇಲಿಮನೆ:

ನಾನು ಔಷಧಶಾಸ್ತ್ರದ ಲ್ಯಾಬ್‌ನಲ್ಲಿ ಕೆಲಸ ಮಾಡಿದವನು. ಹೆಸರು ನೋಡಿ ನಗಬೇಡಿ, ಮನುಷ್ಯರಿಗಿಂತ ಇಲಿಗಳ ಜೊತೆ ಕಳೆದ ಕಾಲವೇ ಜಾಸ್ತಿ.

ನಿಮ್ಮ ತಮ್ಮ ಹೇಳಿದ್ದು ಸುಳ್ಳಲ್ಲ. ಶಿಯಾವ್ಯಾವ್ ನಿಜಕ್ಕೂ ಹಳೆಯ ಯೋಗ, ಅಂದರೆ ಹಲವು ಮೂಲಿಕೆ ಸೇರಿಸಿ ಮಾಡುವ ಔಷಧಿ. ಸೊಂಗ್ ದೊರೆಗಳ ಕಾಲದ ಸರ್ಕಾರಿ ಔಷಧಾಲಯದ ಸಂಗ್ರಹದಲ್ಲಿ ಇದೆ. ಛಾಯ್‌ಹೂ ಬೇರು, ಡಾಂಗ್‌ಗ್ವೇ ಬೇರು, ಬಿಳಿ ಪಿಯೋನಿ ಗಿಡದ ಬೇರು, ಬಾಯ್‌ಜೂ, ಪೈನ್ ಮರದ ಬೇರಿನ ಮೇಲೆ ಬೆಳೆಯುವ ಫೂಲಿಂಗ್ ಅನ್ನುವ ಅಣಬೆ, ಜ್ಯೇಷ್ಠಮಧು, ಜೊತೆಗೆ ಶುಂಠಿ ಮತ್ತು ಪುದೀನದ ಜಾತಿಯ ಎಲೆ. ಕೊನೆಯ ಮೂರು ನಮ್ಮ ಗ್ರಂದಿಗೆ ಅಂಗಡಿ, ತರಕಾರಿ ಅಂಗಡಿಗಳಲ್ಲೇ ಸಿಗುವ ಸಾಮಾನು.

ಲ್ಯಾಬ್‌ನಲ್ಲಿ ಟೆಸ್ಟ್ ಆಗಿರುವುದೂ ನಿಜ. ಛಾಯ್‌ಹೂವಿನ ಸೈಕೊಸ್ಯಾಪೊನಿನ್, ಪಿಯೋನಿಯ ಪಿಯೋನಿಫ್ಲೋರಿನ್, ಜ್ಯೇಷ್ಠಮಧುವಿನ ಲಿಕ್ವಿರಿಟಿನ್, ಬೇರೆ ಯೋಗಗಳಲ್ಲಿ ಹಾಕುವ ಹೌಪೊ ತೊಗಟೆಯ ಮ್ಯಾಗ್ನೊಲೋಲ್, ಹೊನೊಕಿಯೋಲ್, ಹೀಗೆ ಒಂದೊಂದು ಸಂಯುಕ್ತದ ಮೇಲೂ ಪ್ರಬಂಧಗಳು ಬಂದಿವೆ. ಬಹುಪಾಲಿನಲ್ಲಿ ಫಲಿತಾಂಶ ಒಂದೇ: "ಖಿನ್ನತೆ ನಿವಾರಕ ಗುಣ ಕಂಡಿದೆ."

ಇಲಿಗೆ ಖಿನ್ನತೆ ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ ಅಂತ ಕೇಳಬೇಕು. ಎಲ್ಲರೂ ಬಳಸುವ ಒಂದು ವಿಧಾನ ಫ್ರಾನ್ಸಿನ ಲ್ಯಾಬ್‌ನಲ್ಲಿ ಪೋರ್ಸೋಲ್ಟ್ ಮತ್ತು ಜೊತೆಯವರು 1977ರಲ್ಲಿ ರೂಪಿಸಿದ್ದು. ಗಾಜಿನ ಪಾತ್ರೆಗೆ ನೀರು ತುಂಬಿ ಇಲಿಯನ್ನು ಬಿಡುತ್ತಾರೆ. ಹತ್ತಿ ಹೊರಗೆ ಬರಲು ಆಗದು. ಮೊದಲು ಕೈಕಾಲು ಬಡಿಯುತ್ತದೆ, ಆಮೇಲೆ ಮೂಗು ಮಾತ್ರ ಮೇಲಿಟ್ಟು ತೇಲುತ್ತಾ ನಿಂತುಬಿಡುತ್ತದೆ. ಆ ತೇಲುವ ಹೊತ್ತನ್ನು "ಹತಾಶೆ" ಅಂತ ಲೆಕ್ಕ ಹಾಕುತ್ತಾರೆ. ಔಷಧಿ ಕೊಟ್ಟ ಇಲಿ ಇನ್ನೂ ಸ್ವಲ್ಪ ಹೊತ್ತು ಕೈಕಾಲು ಬಡಿದರೆ ಔಷಧಿ ಪಾಸ್. ಚಿಕ್ಕ ಇಲಿಗಳಲ್ಲಿ ಇಡೀ ಪರೀಕ್ಷೆ 6 ನಿಮಿಷ. ಇನ್ನೊಂದು ವಿಧಾನದಲ್ಲಿ ಬಾಲಕ್ಕೆ ಟೇಪ್ ಅಂಟಿಸಿ ತಲೆಕೆಳಗಾಗಿ ನೇತುಹಾಕಿ ಇದೇ ಲೆಕ್ಕ ಮಾಡುತ್ತಾರೆ.

ಇದರ ಮೇಲೆ ನನ್ನ ತಕರಾರು ಬಹಳ ಇದೆ. ಹೊರಗೆ ಹೋಗಲು ದಾರಿ ಇಲ್ಲ ಅಂತ ಗೊತ್ತಾದ ಮೇಲೆ ಸುಮ್ನೆ ತೇಲುತ್ತಾ ಶಕ್ತಿ ಉಳಿಸಿಕೊಳ್ಳುವುದು ಹತಾಶೆಯೋ, ಬುದ್ಧಿವಂತಿಕೆಯೋ? ಕೆಫೀನ್ ಕೊಟ್ಟರೂ ಇಲಿ ಜಾಸ್ತಿ ಬಡಿದಾಡುತ್ತದೆ. ಹಾಗಾದರೆ ಕಾಫಿ ಡಿಪ್ರೆಶನ್ ಔಷಧಿಯಾ? ಇನ್ನೂ ದೊಡ್ಡ ತೊಡಕು ಅಂದರೆ, ಮನುಷ್ಯರಿಗೆ ಎಸಿಟಾಲೋಪ್ರಾಮ್ ಕೆಲಸ ಮಾಡಲು ವಾರಗಳು ಬೇಕು. ಇಲಿಯಲ್ಲಿ ಒಂದೇ ಡೋಸ್‌ಗೆ, ಅರ್ಧ ಮುಕ್ಕಾಲು ಗಂಟೆಯಲ್ಲಿ ಉತ್ತರ ಬಂದುಬಿಡುತ್ತದೆ. ಎರಡೂ ಕಡೆ ಒಂದೇ ಸಂಗತಿ ನಡೆಯುತ್ತಿದೆ ಅಂತ ನಂಬುವುದು ಕಷ್ಟ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 2024ರಲ್ಲಿ ಈ ಈಜಿನ ಪರೀಕ್ಷೆಯನ್ನೇ ನಿಷೇಧಿಸಿತು.

ವಾರಗಟ್ಟಲೆ ಸಣ್ಣಸಣ್ಣ ಕಿರುಕುಳ ಕೊಟ್ಟು, ಆಮೇಲೆ ಇಲಿ ಸಕ್ಕರೆ ನೀರನ್ನು ಮೊದಲಿನಷ್ಟೇ ಇಷ್ಟಪಟ್ಟು ಕುಡಿಯುತ್ತದೆಯೇ ಅಂತ ನೋಡುವ ವಿಧಾನವೂ ಇದೆ. ಇದು ಸ್ವಲ್ಪ ವಾಸಿ. ಆದರೆ ಸಮಯ, ದುಡ್ಡು ಎರಡೂ ಜಾಸ್ತಿ ಕೇಳುತ್ತದೆ.

ಅನುಮಾನ ಜಾಸ್ತಿ:

ಅಂದರೆ "ಲ್ಯಾಬ್‌ನಲ್ಲಿ ಟೆಸ್ಟ್ ಆಗಿದೆ" ಅಂದರೆ "ಇಲಿ ಇನ್ನೊಂದಿಷ್ಟು ಹೊತ್ತು ಈಜಿತು" ಅಂತ. ಭೇಷ್.

ತೋಟದ ಮನೆ:

ಈಗ ಇಲಿಗಳಿಗೂ ಸ್ವಿಮ್ಮಿಂಗ್ ಕ್ಲಾಸ್. ಇರಲಿ, ನನ್ನದೊಂದು ಪ್ರಶ್ನೆ. ಈ ಚೀನಾ ಔಷಧಿಗಳಲ್ಲಿ ನಮ್ಮ ಜೇಕಿನ ಗಡ್ಡೆ ಹಾಕುತ್ತಾರಂತೆ, ಹೌದಾ? ನಮ್ಮ ಗದ್ದೆಯಲ್ಲಿ ಅದನ್ನು ಕಿತ್ತು ಕಿತ್ತು ನನಗೇ ಡಿಪ್ರೆಶನ್ ಬಂದಿದೆ.

ಇಲಿಮನೆ:

ಹೌದು ಮಾರಾಯ್ರೆ. ಅವರು ಶಿಯಾಂಗ್‌ಫು ಅನ್ನುವುದು ನಮ್ಮ ಕೊನ್ನಾರಿ ಗಡ್ಡೆಯೇ, ಅದೇ ಜೇಕು. 'ಯ್ವೆಜ್ಯೂ' ಅನ್ನುವ ಯೋಗದಲ್ಲಿ ಅದು ಮುಖ್ಯ. ಹದಿನಾಲ್ಕನೇ ಶತಮಾನದ ವೈದ್ಯ ಜೂ ಡಾನ್‌ಶಿ ಅವರದು ಅನ್ನುತ್ತಾರೆ. ಜೇಕು, ಛ್ವಾನ್‌ಶ್ಯೊಂಗ್, ಛಾಂಗ್‌ಜೂ, ಗಾರ್ಡೇನಿಯಾ ಕಾಯಿ, ಹುಳಿ ಬರಿಸಿದ ಹಿಟ್ಟಿನ ಉಂಡೆ, ಒಟ್ಟು ಐದು ಸಾಮಾನು.

ಇದರ ಮೇಲೆ ಕುತೂಹಲದ ಕೆಲಸ ನಡೆದಿದೆ. ನಾನ್‌ಜಿಂಗ್‌ನ ಚೀನೀ ವೈದ್ಯ ವಿಶ್ವವಿದ್ಯಾಲಯದ ತಂಡವೊಂದು ಇದನ್ನು ಇಲಿಗಳಿಗೆ ಒಂದೇ ಡೋಸ್ ಕೊಟ್ಟು, ಅರಿವಳಿಕೆಗೆ ಬಳಸುವ ಕೆಟಮಿನ್ ಹಾಗೆ ಬೇಗ ಕೆಲಸ ಮಾಡುತ್ತದೆ ಅಂತ ತೋರಿಸಿತು. ಡಿಪ್ರೆಶನ್‌ನಲ್ಲಿ ಬೇಗ ಅನ್ನುವುದಕ್ಕೆ ಬೆಲೆ ಇದೆ. ಕೆಟಮಿನ್ ಜಾತಿಯ ಎಸ್‌ಕೆಟಮಿನ್ ಮೂಗಿನ ಸ್ಪ್ರೇಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು, ಬೇರೆ ಮಾತ್ರೆಗಳಿಗೆ ಬಗ್ಗದ ಡಿಪ್ರೆಶನ್‌ಗೆ. ಆದರೆ ಯ್ವೆಜ್ಯೂ ವಿಷಯದಲ್ಲಿ ಗಟ್ಟಿ ಕೆಲಸ ಎಲ್ಲಾ ಇಲಿಗಳಲ್ಲಿ. ಮನುಷ್ಯರ ಮೇಲೆ ಆಗಿದ್ದು ಸಣ್ಣ ಪ್ರಮಾಣದ್ದು.

ವೈದ್ಯರ ಮಗಳು:

ನಾನು ಆಯುರ್ವೇದ ಓದಿದವಳು, ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಇದೇ ಕೆಲಸ. ಇಲಿಮನೆ ಸರ್ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ತಕರಾರಿದೆ.

ಮೊದಲನೆಯದು, ಒಂದು ಯೋಗದಿಂದ ಒಂದೇ ಒಂದು ಸಂಯುಕ್ತ ಕಿತ್ತು ತೆಗೆದು ಟೆಸ್ಟ್ ಮಾಡುವುದೇ ಅನ್ಯಾಯ. ಸಾರು ಹೇಗಿದೆ ಅಂತ ಹೇಳಲು ಬರೀ ಇಂಗು ನೆಕ್ಕಿದರೆ ಆಗುತ್ತದೆಯೇ? ಚೀನಾದವರೂ ಇದನ್ನೇ ಹೇಳುತ್ತಾರೆ. ಎಂಟು ಸಾಮಾನು ಸೇರಿದಾಗ ಆಗುವ ಗುಣ ಪಿಯೋನಿಫ್ಲೋರಿನ್ ಒಂದರಲ್ಲೇ ಹುಡುಕಿದರೆ ಸಿಗುವುದಿಲ್ಲ. ಸಿಗಲಿಲ್ಲ ಅಂದಮೇಲೆ ಔಷಧಿ ಸುಳ್ಳು ಅನ್ನುತ್ತೀರಿ.

ಎರಡನೆಯದು ಇನ್ನೂ ಮುಖ್ಯ. ಇಂಗ್ಲಿಷ್ ಔಷಧಿಗಳು ಮಾತ್ರ ಇಲಿಯಿಂದ ಬಂದವಾ? ಡಿಪ್ರೆಶನ್‌ನ ಮೊದಮೊದಲ ಮಾತ್ರೆಗಳಲ್ಲಿ ಒಂದಾದ ಐಪ್ರೊನಿಯಜಿಡ್ ಶುರುವಿನಲ್ಲಿ ಕ್ಷಯಕ್ಕೆ ಕೊಟ್ಟ ಮಾತ್ರೆ. 1952ರ ಸುಮಾರಿಗೆ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ರೋಗಿಗಳು ಇದ್ದಕ್ಕಿದ್ದಂತೆ ಲವಲವಿಕೆಯಿಂದ ಓಡಾಡಲು ಶುರು ಮಾಡಿದ್ದನ್ನು ಡಾಕ್ಟರುಗಳು ನೋಡಿದರು. ಇಮಿಪ್ರಮಿನ್ ಕೂಡ ಹಾಗೆಯೇ. ಸ್ವಿಟ್ಜರ್‌ಲೆಂಡಿನ ರೋಲಾಂಡ್ ಕೂನ್ ಅದನ್ನು ಬೇರೆ ಕಾಯಿಲೆಗೆ ಕೊಟ್ಟು ನೋಡುತ್ತಿದ್ದರು. ಖಿನ್ನತೆ ಇದ್ದವರಿಗೆ ಗುಣ ಕಂಡಿತು. 1957ರಲ್ಲಿ ಪ್ರಕಟಿಸಿದರು. ಎರಡೂ ಮನುಷ್ಯರನ್ನು ಕಣ್ಣಿಟ್ಟು ನೋಡಿ ಸಿಕ್ಕಿದ್ದು. ನಮ್ಮ ಹಿರಿಯರೂ, ಚೀನಾದ ವೈದ್ಯರೂ ಮಾಡಿದ್ದು ಅದನ್ನೇ ಅಲ್ವಾ?

ನಮ್ಮ ಸರ್ಪಗಂಧಿ ಕಥೆಯೂ ಇದೆ. ಗಣನಾಥ ಸೇನ್ ಮತ್ತು ಕಾರ್ತಿಕ್ ಬೋಸ್ 1931ರಲ್ಲೇ ಅದು ರಕ್ತದೊತ್ತಡಕ್ಕೂ ಬುದ್ಧಿಭ್ರಮಣೆಗೂ ಆಗುತ್ತದೆ ಅಂತ ಬರೆದರು. ಮುಂಬೈನ ರುಸ್ತುಂ ಜಲ್ ವಕೀಲ್ 1949ರಲ್ಲಿ ಬ್ರಿಟಿಷ್ ಪತ್ರಿಕೆಯಲ್ಲಿ ಬರೆದ ಮೇಲೆ ಪ್ರಪಂಚ ಕಣ್ಣು ಬಿಟ್ಟಿತು.

ಇಲಿಮನೆ:

ಮೇಡಂ, ಎರಡನೆಯ ಮಾತು ನೂರಕ್ಕೆ ನೂರು ಒಪ್ಪಿದೆ. ನನ್ನ ದೂರು ಕೂಡ ಅದೇ. ಮನುಷ್ಯರಲ್ಲಿ ಕಂಡ ಗುಣ ಅಂತ ಹೇಳುತ್ತಾ ಇಷ್ಟು ಕಾಲ ಬಳಸಿದ ಔಷಧಿಯನ್ನು ಮತ್ತೆ ಇಲಿಯ ಹತ್ತಿರ ಯಾಕೆ ಕಳಿಸಬೇಕು? ಸುರಕ್ಷತೆ ನೋಡಿಕೊಂಡು ನೇರವಾಗಿ ಮನುಷ್ಯರಲ್ಲೇ ಸರಿಯಾದ ಪ್ರಯೋಗ ಮಾಡಬಹುದಲ್ಲ. ಇಲಿ ಪ್ರಬಂಧ ಬೇಗ ಮುಗಿಯುತ್ತದೆ, ಪಿಎಚ್‌ಡಿ ಸಿಗುತ್ತದೆ. ಅಷ್ಟೇ ಕಾರಣ ಅಂತ ನನಗೆ ಅನ್ನಿಸುತ್ತದೆ.

ಆದರೆ ಸರ್ಪಗಂಧಿ ಕಥೆಯನ್ನು ಪೂರ್ತಿ ಹೇಳಬೇಕು. 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ರಕ್ತದೊತ್ತಡಕ್ಕೆ ತೆಗೆದುಕೊಂಡ ಕೆಲವರಿಗೆ ಮಂಕು ಕವಿಯಿತು ಅಂತ ವರದಿಗಳು ಬಂದವು. ಆ ನಂಟು ಎಷ್ಟು ಗಟ್ಟಿ ಅನ್ನುವುದಕ್ಕೆ ಈಗ ತಕರಾರಿದೆ. ಆದರೂ ಮೆದುಳಿನಲ್ಲಿ ಸೆರೊಟೋನಿನ್‌ನಂಥ ರಾಸಾಯನಿಕ ಕಡಿಮೆಯಾದರೆ ಖಿನ್ನತೆ ಅನ್ನುವ ವಾದ ಬೆಳೆದದ್ದು ಬಹುಮಟ್ಟಿಗೆ ಅಲ್ಲಿಂದ. ಚೀನಾ ಮೂಲಿಕೆಗಳನ್ನು ಪರೀಕ್ಷಿಸುವ ಲ್ಯಾಬ್‌ಗಳಲ್ಲಿ ಇವತ್ತಿಗೂ ಕೆಲವರು ಇಲಿಗೆ ರಿಸರ್ಪಿನ್ ಚುಚ್ಚಿ, ಮಂಕು ಮಾಡಿ, ಆಮೇಲೆ ಮೂಲಿಕೆ ಕೊಟ್ಟು ನೋಡುತ್ತಾರೆ. ನಮ್ಮ ಗಿಡದಿಂದ ಕಾಯಿಲೆ, ಅವರ ಗಿಡದಿಂದ ಮದ್ದು!

ಮತ್ತೆ, ಕಣ್ಣಿಟ್ಟು ನೋಡುವುದು ಶುರು ಮಾತ್ರ. ಡಿಪ್ರೆಶನ್ ತಾನಾಗಿಯೇ ಏರಿ ಇಳಿಯುವ ಕಾಯಿಲೆ. ಜನ ತೀರಾ ಕೆಳಗೆ ಇಳಿದಾಗ ವೈದ್ಯರ ಹತ್ತಿರ ಬರುತ್ತಾರೆ. ಏನು ಕೊಟ್ಟರೂ, ಕೊಡದಿದ್ದರೂ ಹಲವರು ಆಮೇಲೆ ಸ್ವಲ್ಪ ಮೇಲೇಳುತ್ತಾರೆ. ಪ್ರಯೋಗಗಳಲ್ಲಿ ಹುಸಿ ಮಾತ್ರೆ, ಅಂದರೆ ಔಷಧಿಯೇ ಇಲ್ಲದ ಮಾತ್ರೆ, ಕೊಟ್ಟ ಗುಂಪಿನಲ್ಲೂ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಿಗೆ ಚೆನ್ನಾಗಿ ಗುಣ ಕಾಣುವುದು ಮಾಮೂಲು.

ಕೆಂಪು ಡಬ್ಬಿ:

ಮಲೇರಿಯಾ ಔಷಧಿಗೆ ಚೀನಾದ ಟೂ ಯೂಯೂ ಅವರಿಗೆ ನೊಬೆಲ್ ಬಂತಲ್ಲ, 2015ರಲ್ಲಿ. ಅದೂ ಹಳೇ ಪುಸ್ತಕ ನೋಡಿ ಹುಡುಕಿದ್ದೇ. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು?

ಇಲಿಮನೆ:

ಒಳ್ಳೆಯ ಪ್ರಶ್ನೆ, ಎಲ್ಲರೂ ಇದೇ ಉದಾಹರಣೆ ಕೊಡುತ್ತಾರೆ. 1967ರ ಮೇ 23ರಂದು ಶುರುವಾದ ಗುಟ್ಟಿನ ಯೋಜನೆ ಅದು, ಅದಕ್ಕೇ ಹೆಸರು '523'. ಛಿಂಗ್‌ಹಾವ್ ಗಿಡದ ಸಾರ ಒಮ್ಮೆ ಕೆಲಸ ಮಾಡುತ್ತಿತ್ತು, ಇನ್ನೊಮ್ಮೆ ಇಲ್ಲ. ನಾಲ್ಕನೇ ಶತಮಾನದ ಗೆ ಹಾಂಗ್ ಅವರ ಗ್ರಂಥದಲ್ಲಿ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಅಂತ ಇತ್ತು, ಕುದಿಸಿ ಅಂತ ಇರಲಿಲ್ಲ. ಬಿಸಿಗೆ ಗುಣ ಹಾಳಾಗುತ್ತಿದೆ ಅಂತ ಟೂ ಊಹಿಸಿ, ಕಡಿಮೆ ಬಿಸಿಯಲ್ಲೇ ಆವಿಯಾಗುವ ಈಥರ್ ಬಳಸಿ ಸಾರ ತೆಗೆದರು. ಅವರು, ಅವರ ಜೊತೆಯವರು ಮೊದಲು ತಾವೇ ಕುಡಿದು ನೋಡಿದರು. 1972ರಲ್ಲಿ ಆರ್ಟಿಮಿಸಿನಿನ್ ಶುದ್ಧವಾಗಿ ಸಿಕ್ಕಿತು.

ಆದರೆ ಗಮನಿಸಿ. ಮಲೇರಿಯಾದಲ್ಲಿ ಒಂದು ಹನಿ ರಕ್ತ ಗಾಜಿಗೆ ಸವರಿ, ಸೂಕ್ಷ್ಮದರ್ಶಕದ ಕೆಳಗೆ ರೋಗಾಣು ಎಣಿಸಬಹುದು. ಔಷಧಿಗೆ ಮುಂಚೆ ಎಷ್ಟು, ಆಮೇಲೆ ಎಷ್ಟು. ಇಲಿಯ ಮಲೇರಿಯಾ ಮನುಷ್ಯನ ಮಲೇರಿಯಾಗೆ ಹತ್ತಿರದ ನೆಂಟ. ಹಳೇ ಪುಸ್ತಕದಲ್ಲಿ ಬರೆದ ಬಿಟ್ಟು ಬಿಟ್ಟು ಬರುವ ಜ್ವರ ಮತ್ತು ನಾವು ಹೇಳುವ ಮಲೇರಿಯಾ ಬಹುಮಟ್ಟಿಗೆ ಒಂದೇ.

ಡಿಪ್ರೆಶನ್‌ನಲ್ಲಿ ಈ ಮೂರೂ ಇಲ್ಲ. ಎಣಿಸಲು ಏನೂ ಇಲ್ಲ. ಇಲಿ ಹತ್ತಿರದ ನೆಂಟ ಅಲ್ಲ. ಹಳೇ ಪುಸ್ತಕದ ಕಾಯಿಲೆ ನಮ್ಮ ಕಾಯಿಲೆಯೇ ಅಂತ ಹೇಳಲೂ ಬರುವುದಿಲ್ಲ. ಎರಡನೇ ಶತಮಾನದ ಕೊನೆ, ಮೂರನೆಯದರ ಶುರುವಿನಲ್ಲಿದ್ದ ಜಾಂಗ್ ಜೊಂಗ್‌ಜಿಂಗ್ ಅವರ ಹೆಸರಿನಲ್ಲಿರುವ ಗ್ರಂಥದಲ್ಲಿ ಒಂದು ವಿವರಣೆ ಇದೆ. ಹೆಂಗಸಿಗೆ ಸುಮ್ಮಸುಮ್ಮನೆ ದುಃಖ ಬರುತ್ತದೆ, ಅಳಬೇಕು ಅನ್ನಿಸುತ್ತದೆ, ಮೈಮೇಲೆ ಏನೋ ಬಂದ ಹಾಗೆ ಇರುತ್ತಾಳೆ, ಪದೇ ಪದೇ ಆಕಳಿಸಿ ಮೈ ಮುರಿಯುತ್ತಾಳೆ. ಅದಕ್ಕೆ ಮದ್ದು ಜ್ಯೇಷ್ಠಮಧು, ಗೋಧಿ, ಎಲಚಿ ಜಾತಿಯ ಜುಜುಬೆ ಹಣ್ಣು, ಮೂರೇ ಸಾಮಾನಿನ ಕಷಾಯ. ಅದೇ ಗ್ರಂಥದಲ್ಲಿ ಗಂಟಲಲ್ಲಿ ಮಾಂಸದ ತುಂಡು ಸಿಕ್ಕಿಕೊಂಡ ಹಾಗೆ ಅನ್ನಿಸುವ ತೊಂದರೆಗೆ ಬಾನ್‌ಶಿಯಾ, ಹೌಪೊ ಹಾಕಿದ ಕಷಾಯ ಇದೆ. ಇವತ್ತು ಈ ಎರಡನ್ನೂ "ಖಿನ್ನತೆಯ ಪ್ರಾಚೀನ ಔಷಧಿ" ಅಂತ ಪ್ರಬಂಧದ ಮೊದಲ ಸಾಲಿನಲ್ಲಿ ಬರೆಯುತ್ತಾರೆ. ಗಂಟಲು ಕಟ್ಟಿದ ಹೆಂಗಸಿನ ಕಷಾಯ ನೀರಲ್ಲಿ ತೇಲುವ ಇಲಿಯ ಹತ್ತಿರ ಹೇಗೆ ಬಂತು ಅನ್ನುವುದನ್ನು ಮಾತ್ರ ಯಾರೂ ಬರೆಯುವುದಿಲ್ಲ.

ಸಿಂಗಪುರದಿಂದ:

ನಾನಿರುವುದು ಸಿಂಗಪುರದಲ್ಲಿ. ಇಲ್ಲಿ ಚೀನೀ ವೈದ್ಯರಿಗೆ ನೋಂದಣಿ ಕಡ್ಡಾಯ, 2000ರ ಕಾಯ್ದೆ ಇದೆ. ಆಫೀಸಿನ ಗೆಳತಿಯ ಜೊತೆ ಒಬ್ಬರ ಹತ್ತಿರ ಹೋಗಿದ್ದೆ. ನಾಡಿ ಹಿಡಿದು, ನಾಲಿಗೆ ನೋಡಿ, ಊಟ, ನಿದ್ದೆ, ಮುಟ್ಟು, ಮಲ ಎಲ್ಲಾ ಕೇಳಿದರು. ಡಿಪ್ರೆಶನ್ ಅನ್ನುವ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. "ಯಕೃತ್ತಿನ ಛಿ ಕಟ್ಟಿಕೊಂಡಿದೆ" ಅಂದರು. ಛಿ ಅಂದರೆ ಅವರ ಲೆಕ್ಕದಲ್ಲಿ ಮೈಯಲ್ಲಿ ಹರಿಯುವ ಪ್ರಾಣಶಕ್ತಿ. ಇನ್ನೊಬ್ಬರಿಗೆ ಅದೇ ಬೇಜಾರಿಗೆ "ಹೃದಯ ಮತ್ತು ಗುಲ್ಮ ಸೋತಿವೆ" ಅಂತ ಬೇರೆ ಔಷಧಿ. ಅಂದರೆ ಶಿಯಾವ್ಯಾವ್ ಎಲ್ಲರಿಗೂ ಅಲ್ಲ. ಆನ್‌ಲೈನಲ್ಲಿ ಡಿಪ್ರೆಶನ್ ಗುಳಿಗೆ ಅಂತ ತರಿಸಿಕೊಂಡರೆ ಚೀನೀ ವೈದ್ಯದ ಲೆಕ್ಕದಲ್ಲೂ ಅದು ತಪ್ಪು ದಾರಿ. ನಿಮ್ಮ ತಮ್ಮನಿಗೆ ಈ ಮಾತು ಹೇಳಿ ನೋಡಿ, ಕೇಳಬಹುದು.

ಹೊಸಿಲು:

ಈ ಮಾತು ನಾಟಿತು. ಅವನಿಗೆ ಕಳಿಸಿದೆ. ಹಾಗಾದರೆ ಮನುಷ್ಯರ ಮೇಲೆ ಪ್ರಯೋಗವೇ ಆಗಿಲ್ಲವಾ?

ಅನುಮಾನ ಜಾಸ್ತಿ:

ಆಗಿದೆ ಮೇಡಂ, ರಾಶಿ ಆಗಿದೆ. ಹೆಚ್ಚುಕಡಿಮೆ ಎಲ್ಲವೂ ಪಾಸ್ ಆಗಿವೆ, ಅದೇ ತೊಂದರೆ. 1998ರಲ್ಲಿ ವಿಕರ್ಸ್ ಅನ್ನುವ ಸಂಶೋಧಕರು ಮತ್ತು ಜೊತೆಯವರು ಅಕ್ಯುಪಂಕ್ಚರ್ ಪ್ರಯೋಗಗಳನ್ನು ದೇಶವಾರು ವಿಂಗಡಿಸಿ ನೋಡಿದರು. ಚೀನಾದಿಂದ ಬಂದ ಪ್ರಯೋಗ ಒಂದೂ ಫೇಲ್ ಆಗಿರಲಿಲ್ಲ. ಎಲ್ಲರೂ ಪಾಸ್ ಆಗುವ ಪರೀಕ್ಷೆಯಲ್ಲಿ ಪಾಸ್ ಆದರೆ ಏನು ಬಂತು? ಚೀನಾದ ಔಷಧ ನಿಯಂತ್ರಕರಿಗೇ ನಂಬಿಕೆ ಇರಲಿಲ್ಲ. 2015ರ ಜುಲೈನಲ್ಲಿ 1,622 ಔಷಧಿ ಅರ್ಜಿಗಳ ಪ್ರಯೋಗದ ದಾಖಲೆ ನೀವೇ ಸರಿಯಾಗಿ ನೋಡಿ, ತಪ್ಪಿದ್ದರೆ ವಾಪಸ್ ತೆಗೆದುಕೊಳ್ಳಿ ಅಂದರು. ಬಹುಪಾಲು ಕಂಪನಿಗಳು ಅರ್ಜಿ ವಾಪಸ್ ಪಡೆದವು. ಆ ದೇಶದ ಜನರನ್ನು...

ನಿರ್ವಾಹಕ:

ಮೇಲಿನ ಬರಹದ ಕೊನೆಯ ಎರಡು ಸಾಲು ತೆಗೆದಿದ್ದೇನೆ. ಪ್ರಯೋಗದ ಬಗ್ಗೆ ಬರೆಯಿರಿ, ಜನರ ಬಗ್ಗೆ ಬೇಡ.

ಇಲಿಮನೆ:

ಆ 1,622ರಲ್ಲಿ ಮೂಲಿಕೆ ಔಷಧಿ ಮಾತ್ರ ಇರಲಿಲ್ಲ, ಇಂಗ್ಲಿಷ್ ಔಷಧಿಯೂ ಇತ್ತು. ಅದನ್ನೂ ಹೇಳಬೇಕು. ತಮ್ಮ ಮನೆಯ ಕಸವನ್ನು ತಾವೇ ಬೀದಿಗೆ ತಂದು ಗುಡಿಸಿದ್ದಕ್ಕೆ ಮೆಚ್ಚುಗೆಯೂ ಸಲ್ಲಬೇಕು.

ಶಿಯಾವ್ಯಾವ್ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇಷ್ಟು. ಒಂದು ಗುಂಪಿಗೆ ಮಾಮೂಲಿ ಮಾತ್ರೆ, ಇನ್ನೊಂದಕ್ಕೆ ಮಾತ್ರೆ ಜೊತೆ ಮೂಲಿಕೆ. ಎರಡನೇ ಗುಂಪು ಸ್ವಲ್ಪ ವಾಸಿ, ಅಡ್ಡ ಪರಿಣಾಮವೂ ಕಡಿಮೆ. ಆದರೆ ಮೊದಲ ಗುಂಪಿಗೆ ಹುಸಿ ಗುಳಿಗೆ ಕೊಟ್ಟಿರುವುದಿಲ್ಲ. ಯಾರಿಗೆ ಏನು ಸಿಕ್ಕಿತು ಅಂತ ರೋಗಿಗೂ ಗೊತ್ತು, ಅಂಕ ಹಾಕುವವರಿಗೂ ಗೊತ್ತು. ಅಂಕ ಅಂದರೆ ಹ್ಯಾಮಿಲ್ಟನ್ ಅಳತೆಪಟ್ಟಿ. ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ಮಾಡಿದ್ದು. 17 ಪ್ರಶ್ನೆ, ಹೆಚ್ಚೆಂದರೆ 52 ಅಂಕ. ಇಂಗ್ಲಿಷ್ ಮಾತ್ರೆಗೂ ಹುಸಿ ಮಾತ್ರೆಗೂ ಸರಾಸರಿ ಅಂತರ ಸುಮಾರು 2 ಅಂಕ ಅಷ್ಟೇ. ಇಷ್ಟು ಸಣ್ಣ ಅಂತರದ ಆಟದಲ್ಲಿ ಕಣ್ಣು ಕಟ್ಟದೆ ಆಡಿದರೆ ಯಾರು ಬೇಕಾದರೂ ಗೆಲ್ಲುತ್ತಾರೆ.

ಕಣ್ಣು ಕಟ್ಟುವುದೂ ಸುಲಭ ಅಲ್ಲ. ಕಷಾಯದ ಬಣ್ಣ, ವಾಸನೆ, ಕಹಿ ಇರುವ, ಆದರೆ ಔಷಧಿ ಇಲ್ಲದ ಇನ್ನೊಂದು ಕಷಾಯ ಮಾಡಬೇಕು. ಕೆಲವರು ಸುಟ್ಟ ಸಕ್ಕರೆ ಮತ್ತು ಕಹಿ ಪದಾರ್ಥ ಹಾಕುತ್ತಾರೆ. ಇನ್ನು ಕೆಲವರು ವಾಸನೆ ಬರಲಿ ಅಂತ ನಿಜವಾದ ಔಷಧಿಯನ್ನೇ ಒಂಚೂರು ಬೆರೆಸುತ್ತಾರೆ. ಆಗ ಅದು ಹುಸಿಯೋ ಅಸಲಿಯೋ ಅನ್ನುವುದೇ ಗೊಂದಲ. ಚೀನೀ ಯೋಗಗಳ ಪ್ರಯೋಗವನ್ನು ಹೇಗೆ ವರದಿ ಮಾಡಬೇಕು ಅಂತ 2017ರಲ್ಲಿ ಒಂದು ಮಾರ್ಗಸೂಚಿ ಬಂತು. ಯಾವ ಗಿಡ, ಯಾವ ಭಾಗ, ಎಲ್ಲಿ ಬೆಳೆದದ್ದು, ಹುಸಿ ಔಷಧಿಯಲ್ಲಿ ಏನಿತ್ತು, ಎಲ್ಲಾ ಬರೆಯಬೇಕು. ವೈದ್ಯರ ಮಗಳು ಹೇಳಿದ ಇಡೀ ಯೋಗದ ಪರೀಕ್ಷೆಗೂ ಅದರಲ್ಲಿ ಜಾಗ ಇದೆ. ಯಕೃತ್ತಿನ ಛಿ ಕಟ್ಟಿದವರನ್ನು ಮಾತ್ರ ಆರಿಸಿಕೊಂಡು ಪ್ರಯೋಗ ಮಾಡಲು ಯಾರ ಅಡ್ಡಿಯೂ ಇಲ್ಲ.

ವೈದ್ಯರ ಮಗಳು:

ಅಂಥ ಪ್ರಯೋಗಕ್ಕೆ ದುಡ್ಡು ಯಾರು ಕೊಡುತ್ತಾರೆ ಸರ್? ಜೇಕಿನ ಗಡ್ಡೆಗೆ ಪೇಟೆಂಟ್ ಸಿಗುವುದಿಲ್ಲ. ಒಂದು ಸಂಯುಕ್ತ ಕಿತ್ತು ಬಾಲ ಸ್ವಲ್ಪ ತಿರುಚಿದರೆ ಸಿಗುತ್ತದೆ. ಅದಕ್ಕೇ ಎಲ್ಲರೂ ಸಂಯುಕ್ತದ ಹಿಂದೆ ಬೀಳುವುದು. ನಮ್ಮಲ್ಲೂ ಅದೇ ಕಥೆ.

ಇಲಿಮನೆ:

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಮಾತೇ ಸರಿ.

ಹೊಸಿಲು:

ಅಮ್ಮ ಪಕ್ಕದಲ್ಲಿ ಕೂತು ಕೇಳುತ್ತಿದ್ದಾರೆ, "ಅರಿಶಿನದಲ್ಲೂ ಇಂಥ ಗುಣ ಇದೆಯಂತಲ್ಲ?" ಅಂತ.

ಇಲಿಮನೆ:

ಅಮ್ಮನಿಗೆ ನಮಸ್ಕಾರ ಹೇಳಿ. ಅರಿಶಿನದ ಕುಲದ ಗಡ್ಡೆಗಳನ್ನು ಚೀನೀ ವೈದ್ಯದಲ್ಲೂ ಬೇಜಾರು ಕಟ್ಟಿಕೊಂಡವರಿಗೆ ಕೊಡುತ್ತಾರೆ, ಯೂಜಿನ್ ಅಂತ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನುವ ಸಂಯುಕ್ತದ ಮೇಲೆ ನಮ್ಮ ದೇಶದಲ್ಲೇ, ಗುಜರಾತಿನ ಭಾವನಗರದಲ್ಲಿ, 60 ರೋಗಿಗಳ ಪ್ರಯೋಗ ಆಯಿತು. 2014ರಲ್ಲಿ ಅಚ್ಚಾಯಿತು. ಒಂದು ಗುಂಪಿಗೆ ಡಿಪ್ರೆಶನ್ ಮಾತ್ರೆ ಫ್ಲುಆಕ್ಸೆಟಿನ್ 20 ಮಿಲಿಗ್ರಾಂ, ಇನ್ನೊಂದಕ್ಕೆ ಕರ್ಕ್ಯುಮಿನ್ 1000 ಮಿಲಿಗ್ರಾಂ, ಮೂರನೆಯದಕ್ಕೆ ಎರಡೂ, 6 ವಾರ. ಮೂರೂ ಗುಂಪಿನ ನಡುವೆ ಲೆಕ್ಕಕ್ಕೆ ಸಿಗುವಂಥ ವ್ಯತ್ಯಾಸ ಕಾಣಲಿಲ್ಲ. ಪತ್ರಿಕೆಗಳು "ಅರಿಶಿನ ಮಾತ್ರೆಯಷ್ಟೇ ಪರಿಣಾಮಕಾರಿ" ಅಂತ ಹಾಕಿದವು. ಆದರೆ ಹುಸಿ ಮಾತ್ರೆಯ ಗುಂಪು ಇರಲಿಲ್ಲ. 60 ಜನರನ್ನು ಮೂರು ಪಾಲು ಮಾಡಿದರೆ ಸಣ್ಣ ವ್ಯತ್ಯಾಸ ಕಾಣುವುದೂ ಇಲ್ಲ. ಮೂರೂ ಸಮ ಅಂದರೆ ಮೂರೂ ಕೆಲಸ ಮಾಡಿವೆ ಅಂತಲೂ ಇರಬಹುದು, ಮೂರೂ ಗುಂಪಿನವರು ಕಾಲ ಕಳೆದ ಹಾಗೆ ತಾವಾಗಿಯೇ ವಾಸಿಯಾದರು ಅಂತಲೂ ಇರಬಹುದು.

ಇನ್ನೊಂದು ಕೀಟಲೆ. ಕರ್ಕ್ಯುಮಿನ್ ಲ್ಯಾಬ್ ಪರೀಕ್ಷೆಗಳನ್ನು ಮೋಸ ಮಾಡುವ ಜಾತಿಯ ಅಣು. ಯಾವ ಪ್ರೋಟೀನ್ ಜೊತೆ ಇಟ್ಟರೂ ಕೆಲಸ ಮಾಡಿದ ಹಾಗೆ ತೋರಿಸುತ್ತದೆ. ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರುವುದು ಅಷ್ಟಕ್ಕಷ್ಟೇ. 2017ರಲ್ಲಿ ರಸಾಯನಶಾಸ್ತ್ರಜ್ಞರ ತಂಡವೊಂದು ಇದನ್ನೆಲ್ಲ ಒಟ್ಟು ಮಾಡಿ ಖಾರವಾಗಿ ಬರೆಯಿತು. ಸಾರಿಗೆ ಅರಿಶಿನ ಹಾಕುವುದನ್ನು ಅಮ್ಮ ನಿಲ್ಲಿಸಬೇಕಿಲ್ಲ.

ಹಳೇ ಕಾಂಪೌಂಡರ್:

ಈಗ ಬಿಡುವಾಯಿತು. ಜೊತೆಗೆ ನುಂಗಿದರೆ ಏನಾಗುತ್ತದೆ ಅನ್ನುವುದಕ್ಕೆ ಬರುತ್ತೇನೆ.

ಚೀನಾದಲ್ಲಿ ಸಾಧಾರಣ ಮಟ್ಟದ ಖಿನ್ನತೆಗೆ ಅಂತಲೇ ಅಧಿಕೃತ ಒಪ್ಪಿಗೆ ಪಡೆದ 'ಶೂಗಾನ್ ಜ್ಯೇಯೂ' ಅನ್ನುವ ಕ್ಯಾಪ್ಸೂಲ್ ಇದೆ. ಒಳಗಿರುವುದು ಎರಡು ಗಿಡ, ಸೈಬೀರಿಯಾದ ಜಿನ್‌ಸೆಂಗ್ ಮತ್ತು ಸೇಂಟ್ ಜಾನ್ಸ್ ವರ್ಟ್. ಎರಡನೆಯದು ಯುರೋಪಿನವರ ಹಳೇ ಮದ್ದು, ಇದ್ದುದರಲ್ಲಿ ಜಾಸ್ತಿ ಪರೀಕ್ಷೆ ಆಗಿರುವ ಮೂಲಿಕೆ. ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2008ರ ವಿಮರ್ಶೆಯಲ್ಲಿ 29 ಪ್ರಯೋಗ, 5,489 ರೋಗಿಗಳು. ಹುಸಿ ಮಾತ್ರೆಗಿಂತ ವಾಸಿ ಅಂತಲೇ ಬಂತು. ಅದಕ್ಕೂ ಮುಂಚೆ 2002ರಲ್ಲಿ ಅಮೆರಿಕದಲ್ಲಿ 340 ಜನರ ಪ್ರಯೋಗದಲ್ಲಿ ಅದು ಹುಸಿ ಮಾತ್ರೆಯನ್ನು ಸೋಲಿಸಲಿಲ್ಲ. ತಮಾಷೆ ಅಂದರೆ, ಅದೇ ಪ್ರಯೋಗದ ಮುಖ್ಯ ಅಳತೆಯಲ್ಲಿ ಡಿಪ್ರೆಶನ್‌ನ ಮಾಮೂಲಿ ಮಾತ್ರೆ ಸರ್ಟ್ರಾಲಿನ್ ಕೂಡ ಸೋಲಿಸಲಿಲ್ಲ.

ಆದರೆ ಎಸಿಟಾಲೋಪ್ರಾಮ್ ಜೊತೆ ಈ ಗಿಡ ಬೇಡವೇ ಬೇಡ. ಸೆರೊಟೋನಿನ್ ಮಿತಿಮೀರಿ ನಡುಕ, ಬೆವರು, ಜ್ವರ, ಚಡಪಡಿಕೆ ಬರಬಹುದು, ಜೀವಕ್ಕೂ ಅಪಾಯ ಆಗಬಹುದು. ಗರ್ಭನಿರೋಧಕ ಮಾತ್ರೆ, ಕಿಡ್ನಿ ಕಸಿ ಆದವರ ಮಾತ್ರೆ ಇವುಗಳ ಶಕ್ತಿಯನ್ನೂ ಅದು ಇಳಿಸಿಬಿಡುತ್ತದೆ.

ಶಿಯಾವ್ಯಾವ್‌ನಲ್ಲಿ ಆ ಗಿಡ ಇಲ್ಲ. ಆದರೆ ಜ್ಯೇಷ್ಠಮಧು ಇದೆ. ದಿನಾ ಜಾಸ್ತಿ ತಿಂದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಡಾಂಗ್‌ಗ್ವೇ ರಕ್ತ ತೆಳು ಮಾಡುವ ವಾರ್ಫರಿನ್ ಜೊತೆ ಸರಿಬರುವುದಿಲ್ಲ. ಛಾಯ್‌ಹೂ ಮುಖ್ಯವಾಗಿರುವ ಇನ್ನೊಂದು ಯೋಗವನ್ನು ಜಪಾನಿನಲ್ಲಿ ಲಿವರ್ ಕಾಯಿಲೆಗೆ ಧಾರಾಳವಾಗಿ ಕೊಡುತ್ತಿದ್ದರು. ಶ್ವಾಸಕೋಶಕ್ಕೆ ಪೆಟ್ಟು ಬಿದ್ದು ಕೆಲವರು ಸತ್ತ ಮೇಲೆ 1996ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ತುರ್ತು ಎಚ್ಚರಿಕೆ ಕೊಟ್ಟಿತು.

ಎಲ್ಲಕ್ಕಿಂತ ನನಗೆ ಭಯ ಇರುವುದು ಡಬ್ಬಿಯ ಒಳಗೆ ಏನಿದೆ ಅನ್ನುವುದರ ಬಗ್ಗೆ. 1990ರ ಸುಮಾರಿಗೆ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಗುಳಿಗೆಯಲ್ಲಿ ಫಾಂಗ್‌ಜಿ ಅನ್ನುವ ಒಂದು ಬೇರಿನ ಬದಲು ಅದೇ ಹೆಸರಿನ ಇನ್ನೊಂದು ಬೇರು ಸೇರಿಬಿಟ್ಟಿತು. ಅದರಲ್ಲಿ ಅರಿಸ್ಟೊಲೊಕಿಕ್ ಆಮ್ಲ ಇತ್ತು. ನೂರಕ್ಕೂ ಜಾಸ್ತಿ ಹೆಂಗಸರ ಕಿಡ್ನಿ ಹಾಳಾಯಿತು. ನಮ್ಮ ಈಶ್ವರಿ ಬಳ್ಳಿಯೂ ಅದೇ ಕುಲ, ಅದರಲ್ಲೂ ಆ ಆಮ್ಲ ಇದೆ. ಆದ್ದರಿಂದ ಚೀನಾದ್ದು ಅಪಾಯ, ನಮ್ಮದು ಸೇಫ್ ಅಂತ ಯಾರೂ ಬೀಗುವುದು ಬೇಡ.

ವೈದ್ಯರ ಮಗಳು:

ಇದನ್ನು ನಾನೂ ಅನುಮೋದಿಸುತ್ತೇನೆ. ಚೀನಾದವರು ಮನಸ್ಸಿಗೆ ಕೊಡುವ ಶಿಛಾಂಗ್‌ಪು ನಮ್ಮ ಬಜೆಯ ನೆಂಟ. ಬಜೆಯಲ್ಲಿರುವ ಬೀಟಾ ಅಸರೋನ್ ಅನ್ನುವ ಸಂಯುಕ್ತ ಇಲಿಗಳಲ್ಲಿ ಕ್ಯಾನ್ಸರ್ ಗಡ್ಡೆ ಬರಿಸಿತು ಅಂತ ಅಮೆರಿಕದಲ್ಲಿ 1968ರಿಂದ ಆಹಾರದಲ್ಲಿ ನಿಷೇಧ. ನಮ್ಮಲ್ಲಿ ಕೂಸುಗಳಿಗೆ ತೇಯ್ದು ನೆಕ್ಕಿಸುತ್ತಾರೆ. ತಾಯಂದಿರು ಕೇಳಿದರೆ ನಾನು ಬೇಡ ಅನ್ನುತ್ತೇನೆ. ಆಗ ಅಜ್ಜಿಯರು ನನ್ನನ್ನೇ ಬೈಯುತ್ತಾರೆ.

ಅನುಮಾನ ಜಾಸ್ತಿ:

ಬಜೆ ವಿಷಯದಲ್ಲಿ ಇಲಿಯನ್ನು ನಂಬುತ್ತೀರಿ, ಡಿಪ್ರೆಶನ್ ವಿಷಯದಲ್ಲಿ ನಂಬುವುದಿಲ್ಲ. ಯಾಕೆ ಹಾಗೆ?

ಇಲಿಮನೆ:

ಗಡ್ಡೆ ಕಣ್ಣಿಗೆ ಕಾಣುತ್ತದೆ ಗುರು, ಕೊಯ್ದು ತೂಕ ಮಾಡಬಹುದು. ಹತಾಶೆಯನ್ನು ತೂಕ ಮಾಡಲು ಬರುವುದಿಲ್ಲ.

ಹೊಸಿಲು:

ಎಲ್ಲರಿಗೂ ಥ್ಯಾಂಕ್ಸ್. ತಮ್ಮ ಇಡೀ ಚರ್ಚೆ ಓದಿದ. ಆರ್ಡರ್ ಮಾಡಿಲ್ಲ ಸದ್ಯಕ್ಕೆ. ಅವನ ನಿಜವಾದ ತಕರಾರು ಈಗ ಹೊರಗೆ ಬಂತು. ಮಾತ್ರೆಯಿಂದ ಹಗಲೆಲ್ಲ ತೂಕಡಿಕೆ, ದಾಂಪತ್ಯದಲ್ಲಿ ಆಸಕ್ತಿ ಇಲ್ಲ. ಇದನ್ನು ಡಾಕ್ಟರಿಗೆ ಹೇಳಲು ನಾಚಿಕೆ.

ಹಳೇ ಕಾಂಪೌಂಡರ್:

ಇದಕ್ಕೆ ನಾಚಿಕೆ ಯಾಕೆ? ಈ ಜಾತಿಯ ಮಾತ್ರೆಯಲ್ಲಿ ಇದು ತೀರಾ ಮಾಮೂಲು ದೂರು, ಡಾಕ್ಟರುಗಳು ದಿನಾ ಕೇಳುತ್ತಾರೆ. ಮಾತ್ರೆ ರಾತ್ರಿಗೆ ಬದಲಿಸುವುದು, ಡೋಸ್ ಸರಿಮಾಡುವುದು, ಬೇರೆ ಮಾತ್ರೆಗೆ ಹೋಗುವುದು, ದಾರಿಗಳು ಇವೆ. ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಲಿ. ಯಾವ ಗುಳಿಗೆ, ಕಷಾಯ ತೆಗೆದುಕೊಳ್ಳುತ್ತಿದ್ದರೂ ಅದನ್ನೂ ಬರೆಯಲಿ, ಡಬ್ಬಿಯನ್ನೇ ತೆಗೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ನಡುವೆ ಮನಸ್ಸು ತೀರಾ ಕುಗ್ಗಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಲಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹೊಸಿಲು:

ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇವೆ. ಕೊನೆಗೆ ಅವನದೊಂದು ಪ್ರಶ್ನೆ, ಇಲಿಮನೆ ಸರ್‌ಗೆ ಕೇಳು ಅಂದ. ಪ್ರಬಂಧದಲ್ಲಿ ಇಲಿಗೆ ಕೆಜಿಗೆ 20 ಮಿಲಿಗ್ರಾಂ ಅಂತ ಇದ್ದರೆ, 60 ಕೆಜಿ ಮನುಷ್ಯನಿಗೆ 1200 ಮಿಲಿಗ್ರಾಂ ಆಗುತ್ತದಾ?

ಇಲಿಮನೆ:

ಇಲ್ಲ. ಹಾಗೆ ನೇರವಾಗಿ ಗುಣಿಸುವಂತಿಲ್ಲ. ಸಣ್ಣ ಪ್ರಾಣಿಯ ಮೈ ಔಷಧಿಯನ್ನು ಬೇಗ ಸುಟ್ಟು ಹಾಕುತ್ತದೆ. ಚಿಕ್ಕ ಇಲಿಯ ಲೆಕ್ಕವನ್ನು ಮನುಷ್ಯನಿಗೆ ತರಲು ಸುಮಾರು 12.3ರಿಂದ ಭಾಗಿಸುತ್ತಾರೆ. 60 ಕೆಜಿಗೆ 98 ಮಿಲಿಗ್ರಾಂ ಹತ್ತಿರ ಬರುತ್ತದೆ. ಅದೂ ಹೊಸ ಔಷಧಿಯನ್ನು ಮನುಷ್ಯರಲ್ಲಿ ಎಲ್ಲಿಂದ ಶುರು ಮಾಡಬೇಕು ಅಂತ ತಜ್ಞರು ಹಾಕುವ ಅಂದಾಜು, ಅದನ್ನೂ ಮತ್ತೆ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿಯೇ ಶುರು ಮಾಡುವುದು ರೂಢಿ. ಜೊತೆಗೆ ಪ್ರಬಂಧದಲ್ಲಿ ಔಷಧಿಯನ್ನು ಬಾಯಿಗೆ ಹಾಕಿದ್ದರೋ ಹೊಟ್ಟೆಗೆ ಚುಚ್ಚಿದ್ದರೋ ನೋಡಲಿ. ಬಹಳ ಕಡೆ ಚುಚ್ಚಿರುತ್ತಾರೆ, ಯಾಕೆಂದರೆ ಪಿಯೋನಿಫ್ಲೋರಿನ್ ಥರದವು ಬಾಯಿಂದ ಕೊಟ್ಟರೆ ರಕ್ತಕ್ಕೆ ತೀರಾ ಕಡಿಮೆ ಸೇರುತ್ತವೆ. ಅಂಥ ಪ್ರಬಂಧದ ಅಂಕಿಯನ್ನು ಗುಳಿಗೆಯ ಡಬ್ಬಿಗೆ ಹೊಂದಿಸಲು ಯಾವ ಸೂತ್ರವೂ ಇಲ್ಲ.